ಬಿಸಿಲೂರಿನ ಕಪ್‌ಕೇಕ್, ಚಾಕೊಲೇಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ಸಿಹಿ ಅಂದರೆ ಹೆಚ್ಚಿನವರಿಗೆ ಹೋಳಿಗೆ, ಹುಗ್ಗಿ, ಮಾಲ್ಪುರಿ ನೆನಪಾಗುತ್ತದೆ. ನನಗೆ ಬೇಕರಿ ನೆನಪಾಗುತ್ತದೆ. ಅದಕ್ಕೇ ಓಣಿಯವರು, ಆಫೀಸಿನವರು, ಅಕ್ಕನ ಮಕ್ಕಳು ಎಲ್ಲರೂ ಕೇಕಿನ ವಿಷಯ ಬಂದರೆ ನನ್ನನ್ನೇ ಕೇಳುತ್ತಾರೆ. ಕೇಳಿದ್ದನ್ನೇ ಕೇಳುತ್ತಾರೆ. ಹಾಗಾಗಿ ಒಮ್ಮೆ ಕೂತು ಬರೆದುಬಿಟ್ಟೆ. ಓದುವಾಗ ಒಂದು ಮಾತು ತಲೆಯಲ್ಲಿರಲಿ. ಬೆಂಗಳೂರಿನವರ ಕೇಕಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಮ್ಮೂರಲ್ಲಿ ಕೇಕಿಗೂ ಚಾಕೊಲೇಟಿಗೂ ಬಿಸಿಲೇ ಯಜಮಾನ.

ಬೇಕರಿಯಲ್ಲಿ ಕಪ್‌ಕೇಕ್ ಕೇಳಿದರೆ ಬೇರೆ ಏನೋ ಕೊಡುತ್ತಾರಲ್ಲ, ಯಾಕೆ?

ಅವರು ಕೊಟ್ಟಿದ್ದೂ ಕಪ್‌ಕೇಕೇ. ನಮ್ಮ ಹಳೆಯ ಬೇಕರಿಗಳಲ್ಲಿ ಕಪ್‌ಕೇಕ್ ಅಂದರೆ ಗಾಜಿನ ಡಬ್ಬಿಯಲ್ಲಿರುವ, ಕಾಗದ ಸುತ್ತಿದ, ನೆತ್ತಿ ಸ್ವಲ್ಪ ಬಿರಿದ ಸಾದಾ ಕೇಕ್. ಚಹಾದ ಜೊತೆ ತಿನ್ನುವಂಥದ್ದು. ಮೇಲೆ ಕ್ರೀಮ್ ಸುತ್ತಿ ಸುತ್ತಿ ಗೋಪುರ ಕಟ್ಟಿರುವುದು ಹೊಸ ಅಂಗಡಿಗಳ ಕಪ್‌ಕೇಕ್. ಅದೇ ಬೇಕಾದರೆ "ಕ್ರೀಮ್ ಇರೋದು" ಅಂತ ಬಿಡಿಸಿ ಹೇಳಿ.

ಹೆಸರಿನ ಬಗ್ಗೆ ಎರಡು ಮಾತಿವೆ. ಕಪ್ಪಿನಲ್ಲಿ ಬೇಯಿಸಿದ್ದರಿಂದ ಕಪ್‌ಕೇಕ್ ಅನ್ನುತ್ತಾರೆ ಕೆಲವರು. ಹಿಟ್ಟು, ಸಕ್ಕರೆ ಎಲ್ಲವನ್ನೂ ತೂಕ ಮಾಡದೆ ಕಪ್ಪಿನಲ್ಲಿ ಅಳೆದದ್ದರಿಂದ ಅನ್ನುತ್ತಾರೆ ಇನ್ನು ಕೆಲವರು. 1796ರಲ್ಲಿ ಅಮೆರಿಕದಲ್ಲಿ ಅಚ್ಚಾದ ಅಡುಗೆ ಪುಸ್ತಕವೊಂದರಲ್ಲೇ ಸಣ್ಣ ಕಪ್ಪುಗಳಲ್ಲಿ ಬೇಯಿಸುವ ಕೇಕಿನ ಮಾತು ಬರುತ್ತದೆ. ನಮ್ಮಜ್ಜಿ ಎಲ್ಲವನ್ನೂ ವಾಟಗದಲ್ಲಿ, ಅಂದರೆ ಸಣ್ಣ ಬಟ್ಟಲಿನಲ್ಲಿ, ಅಳೆಯುತ್ತಿದ್ದಳು. ತಕ್ಕಡಿ ಮುಟ್ಟಿದ್ದೇ ಇಲ್ಲ. ಅವಳಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಿರಲಿಲ್ಲ.

ಹಾಗಾದರೆ ಮಫಿನ್?

ಸಕ್ಕರೆ ಸ್ವಲ್ಪ ಕಮ್ಮಿ, ತಿರುಳು ಸ್ವಲ್ಪ ಗಟ್ಟಿ, ಮೇಲೆ ಕ್ರೀಮ್ ಇಲ್ಲ. ಆದರೆ ಒಂದೇ ಟ್ರೇಯಿಂದ ತೆಗೆದು ಒಂದಕ್ಕೆ ಮಫಿನ್, ಇನ್ನೊಂದಕ್ಕೆ ಕಪ್‌ಕೇಕ್ ಅನ್ನುವ ಅಂಗಡಿಗಳನ್ನೂ ನೋಡಿದ್ದೇನೆ. ಜಗಳ ಮಾಡುವಂಥ ವಿಷಯವೇನಲ್ಲ.

ತತ್ತಿ ಹಾಕದ್ದು ಸಿಗುತ್ತಾ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತತ್ತಿ ಒಳಗೆ ಬರುವುದಿಲ್ಲ. ಅದಕ್ಕೇ ಬೇಕರಿಯವರು ಎಗ್‌ಲೆಸ್ ಇಟ್ಟೇ ಇರುತ್ತಾರೆ. ಎಷ್ಟೋ ಕಡೆ ಅದೇ ಜಾಸ್ತಿ ಖರ್ಚಾಗುತ್ತದೆ.

ಆದರೆ ಬೋರ್ಡು ನೋಡಿ ನಂಬಬೇಡಿ. ಅಯ್ಯಂಗಾರ್ ಬೇಕರಿ ಅಂತ ಬರೆದಿದ್ದರೆ ತತ್ತಿ ಇರುವುದೇ ಇಲ್ಲ ಅಂತ ಹಳಬರು ತಿಳಿದಿರುತ್ತಾರೆ. ಆ ಹೆಸರಿನ ಅಂಗಡಿಗಳಲ್ಲೂ ಈಗ ಎಗ್ ಪಫ್ ಮಾರುತ್ತಾರೆ, ಅಲ್ವಾ? ಬಾಯಿ ಬಿಟ್ಟು ಕೇಳುವುದೇ ಒಳ್ಳೆಯದು. "ಕಾಕಾ, ಇದರಾಗ ತತ್ತಿ ಹಾಕೀರೇನ್ರಿ?" ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. "ಇಲ್ರಿ, ಇದು ಎಗ್‌ಲೆಸ್ ಅದ, ತಗೋರಿ" ಅನ್ನುತ್ತಾರೆ. ತೀರಾ ಮಡಿಯವರಾದರೆ ಇನ್ನೊಂದು ಪ್ರಶ್ನೆ ಸೇರಿಸಿ. ಎರಡಕ್ಕೂ ಬೇರೆ ಬೇರೆ ಟ್ರೇ ಇದೆಯಾ, ಚಾಕು ಬೇರೆ ಇದೆಯಾ ಅಂತ.

ಪ್ಯಾಕೆಟ್ ಕೇಕ್ ಆದರೆ ಕೇಳುವ ಕೆಲಸವೂ ಇಲ್ಲ. ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ. ತತ್ತಿ ಹಾಕಿದ್ದಕ್ಕೆ ಕಂದು ಬಣ್ಣದ ತ್ರಿಕೋನ ಇರುತ್ತದೆ. ಮೊದಲು ಅದೂ ಚುಕ್ಕೆಯೇ ಆಗಿತ್ತು. ಬಣ್ಣ ಗುರುತಿಸಲು ಕಷ್ಟಪಡುವವರಿಗೆ ಎರಡೂ ಒಂದೇ ಥರ ಕಾಣುತ್ತಿತ್ತು ಅಂತ ಬದಲಾಯಿಸಿದರು.

ರುಚಿಯಲ್ಲಿ ವ್ಯತ್ಯಾಸ ಇದೆಯಾ ಅಂದರೆ, ವೆನಿಲಾದಲ್ಲಿ ಗೊತ್ತಾಗುತ್ತದೆ. ಚಾಕೊಲೇಟಿನಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. ಮೊಸರು, ಅಡುಗೆ ಸೋಡಾ ಸೇರಿ ತತ್ತಿಯ ಕೆಲಸ ಮಾಡುತ್ತವೆ. ಆ ಸಣ್ಣ ಹುಳಿ ಕೋಕೋ ಕಹಿಯಲ್ಲಿ ಮುಚ್ಚಿಹೋಗುತ್ತದೆ.

ಬೇಸಿಗೆಯಲ್ಲಿ ಚಾಕೊಲೇಟ್ ಯಾಕೆ ಅಷ್ಟು ಬೇಗ ಸೋತುಹೋಗುತ್ತದೆ?

ಒಳ್ಳೆಯ ಚಾಕೊಲೇಟಿನ ಗುಣವೇ ಅದು. ಅದರಲ್ಲಿರುವ ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುತ್ತದೆ. ನಮ್ಮ ಬಾಯಿಯ ಬಿಸಿ ಅದಕ್ಕಿಂತ ಸ್ವಲ್ಪ ಜಾಸ್ತಿ. ಅದಕ್ಕೇ ನಾಲಿಗೆ ಮೇಲೆ ಇಟ್ಟ ಕೂಡಲೇ ಬೆಣ್ಣೆಯಾಗುತ್ತದೆ. ತಣ್ಣನೆಯ ದೇಶದವರಿಗೆ ಇದು ಸುಖ. ನಮಗೆ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 42-43 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಸಂಜೆ ಏಳಕ್ಕೂ ಮನೆಯ ಗೋಡೆ ಮುಟ್ಟಿದರೆ ಬಿಸಿ ಇರುತ್ತದೆ. ಚಾಕೊಲೇಟ್ ಬಾಯಿಗೆ ಹೋಗುವ ಮೊದಲೇ ಜೇಬಿನಲ್ಲಿ ಕರಗಿರುತ್ತದೆ.

ಹಾಗಂತ ಬೇಸಿಗೆಯಲ್ಲಿ ಬಿಟ್ಟುಬಿಡಬೇಕಾಗಿಲ್ಲ. ಆರಿಸಿಕೊಳ್ಳುವುದು ಬದಲಾಗಬೇಕು ಅಷ್ಟೆ. ಕೋಕೋ ಪುಡಿ ಹಾಕಿ ಬೇಯಿಸಿದ್ದು ಯಾವುದಾದರೂ ಸರಿ. ಬ್ರೌನಿ, ಸಾದಾ ಚಾಕೊಲೇಟ್ ಕಪ್‌ಕೇಕ್, ಚಾಕೊಲೇಟ್ ಬಿಸ್ಕತ್ತು. ಇವುಗಳಿಗೆ ಬಿಸಿಲು ಏನೂ ಮಾಡುವುದಿಲ್ಲ. ಕ್ರೀಮು, ಗನಾಶ್ (ಕೆನೆಯಲ್ಲಿ ಕರಗಿಸಿದ ಚಾಕೊಲೇಟ್), ಅದರಿಂದಲೇ ಮಾಡುವ ಟ್ರಫಲ್ ಬೇಕೆಂದರೆ ಬೇಕರಿಯ ಫ್ಯಾನ್ ಕೆಳಗೆ ಕೂತು ತಿಂದು ಬನ್ನಿ. ದಸರಾ ಮುಗಿದ ಮೇಲೆ, ಶಿವರಾತ್ರಿಯ ತನಕ ನಮ್ಮ ಕಡೆ ಚಾಕೊಲೇಟಿನ ಸುಗ್ಗಿ. ಆಗ ಏನು ಬೇಕಾದರೂ ತಿನ್ನಿ.

ಕ್ರೀಮ್ ಇರುವ ಕಪ್‌ಕೇಕ್ ಮನೆಗೆ ಒಯ್ಯುವುದು ಹೇಗೆ?

ಮೊದಲು ನನ್ನ ಕತೆ ಕೇಳಿ. ಅಕ್ಕನ ಮಗಳ ಹುಟ್ಟುಹಬ್ಬ, ಏಪ್ರಿಲ್ ತಿಂಗಳು. ಸೂಪರ್ ಮಾರ್ಕೆಟ್ ಕಡೆಯಿಂದ ಹನ್ನೆರಡು ಕಪ್‌ಕೇಕ್ ತಗೊಂಡು ಮಧ್ಯಾಹ್ನ ಒಂದಕ್ಕೆ ಸ್ಕೂಟರ್ ಹತ್ತಿದೆ. ಪೆಟ್ಟಿಗೆಯನ್ನು ಕಾಲ ಹತ್ತಿರ ಇಟ್ಟುಕೊಂಡಿದ್ದೆ. ಮನೆ ಸೇಡಂ ರಸ್ತೆಯಲ್ಲಿ. ಮುಚ್ಚಳ ತೆಗೆದರೆ ಹನ್ನೆರಡೂ ಬೋಳು. ಕ್ರೀಮೆಲ್ಲಾ ಒಂದು ಮೂಲೆಗೆ ಹರಿದು ಗುಲಾಬಿ ಕೆಸರಾಗಿತ್ತು. ಅಂಗಡಿಯವರು ಐಸ್ ಪ್ಯಾಕ್ ಇಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ಮಕ್ಕಳು ಮಾತ್ರ ಚಮಚ ಹಿಡಿದು ಮೂಲೆಯಿಂದಲೇ ಶುರು ಮಾಡಿದರು.

ಅಂದಿನಿಂದ ನಾನು ಮಾಡುವುದು ಹೀಗೆ. ಬೆಳಿಗ್ಗೆ ಹತ್ತರ ಒಳಗೆ ಅಥವಾ ಸೂರ್ಯ ಮುಳುಗಿದ ಮೇಲೆ ತರುತ್ತೇನೆ. ಒಂದೊಂದಕ್ಕೂ ಗುಂಡಿ ಇರುವ ಪೆಟ್ಟಿಗೆ ಕೇಳುತ್ತೇನೆ, ಇಲ್ಲದಿದ್ದರೆ ಅಲುಗಾಡಿ ಬೀಳುತ್ತವೆ. ಮನೆಯಿಂದಲೇ ಒಂದು ಥರ್ಮಾಕೋಲ್ ಡಬ್ಬಿ ಒಯ್ಯುತ್ತೇನೆ. ತಳದಲ್ಲಿ ಐಸ್ ಪ್ಯಾಕ್, ಅದರ ಮೇಲೆ ದಪ್ಪ ಟವೆಲು, ಅದರ ಮೇಲೆ ಪೆಟ್ಟಿಗೆ. ಐಸ್ ನೇರವಾಗಿ ಮುಟ್ಟಬಾರದು, ಕಾಗದ ಒದ್ದೆಯಾಗಿ ಕೇಕ್ ಮೆತ್ತಗಾಗುತ್ತದೆ. ಕಾರಿನಲ್ಲಾದರೆ ಸೀಟಿನ ಮೇಲೆ ಬೇಡ, ಸೀಟು ಇಳಿಜಾರಾಗಿರುತ್ತದೆ. ಕೆಳಗೆ ಸಮತಟ್ಟಾದ ಕಡೆ ಇಡಿ.

ಇದೆಲ್ಲ ತಲೆನೋವು ಅನ್ನಿಸಿದರೆ, ಕ್ರೀಮನ್ನು ಬೇರೆ ಕವರಿನಲ್ಲಿ ತುಂಬಿಸಿಕೊಡಿ ಅಂತ ಕೇಳಿ. ಮನೆಯಲ್ಲಿ ಕವರಿನ ತುದಿ ಕತ್ತರಿಸಿ ನೀವೇ ಹಿಂಡಿ. ಮಕ್ಕಳಿಗೆ ಅದೇ ಆಟ.

ಕ್ರೀಮ್ ಅಂದರೆ ಹಾಲಿನ ಕೆನೆ ತಾನೇ?

ಹೆಚ್ಚಿನ ಕಡೆ ಅಲ್ಲ. ಬೇಕರಿಯಲ್ಲಿ ವಿಪ್ ಕ್ರೀಮ್ ಅನ್ನುವುದು ಸಾಮಾನ್ಯವಾಗಿ ತಾಳೆ ಎಣ್ಣೆಯಂಥ ಗಿಡದ ಎಣ್ಣೆಯಿಂದ ಮಾಡಿದ್ದು. ಹಾಲಿನ ಕೆನೆ ನಮ್ಮ ಬಿಸಿಲಿಗೆ ನಿಲ್ಲುವುದೇ ಇಲ್ಲ, ಬೆಲೆಯೂ ಜಾಸ್ತಿ. ಬೆಣ್ಣೆ ಕಲಸಿದ ಬಟರ್‌ಕ್ರೀಮ್ ಕೂಡ ಬೇಸಿಗೆಯಲ್ಲಿ ಜಾರುತ್ತದೆ. ತಿಂದ ಮೇಲೆ ಅಂಗುಳಕ್ಕೆ ಜಿಡ್ಡು ಅಂಟಿಕೊಂಡ ಹಾಗಾದರೆ ಎಣ್ಣೆಯ ಕ್ರೀಮ್ ಅಂತ ತಿಳಿಯಿರಿ. ಒಂದು ಸಮಾಧಾನ ಇದೆ. ಎಣ್ಣೆ, ಕೊಬ್ಬುಗಳಲ್ಲಿ ಹೃದಯಕ್ಕೆ ಕೆಟ್ಟದ್ದಾದ ಟ್ರಾನ್ಸ್ ಫ್ಯಾಟ್ ಶೇ 2 ದಾಟಬಾರದು ಅಂತ 2022ರಿಂದ ದೇಶದಲ್ಲಿ ನಿಯಮ ಇದೆ.

ಬೇಕರಿಯ ಚಾಕೊಲೇಟ್ ನಿಜವಾದ ಚಾಕೊಲೇಟಾ?

ಕೆಲವು ಹೌದು, ಬಹಳಷ್ಟು ಕಾಂಪೌಂಡ್. ಕಾಂಪೌಂಡ್ ಅಂದರೆ ಕೋಕೋ ಪುಡಿ ಇರುತ್ತದೆ, ಕೋಕೋ ಬೆಣ್ಣೆಯ ಜಾಗದಲ್ಲಿ ಬೇರೆ ಗಿಡದ ಕೊಬ್ಬು ಇರುತ್ತದೆ. ಬೇಕರಿಯವರನ್ನು ಇದಕ್ಕೆ ಬೈಯುವುದು ಸರಿಯಲ್ಲ. ಅಸಲಿ ಚಾಕೊಲೇಟನ್ನು ಹದ ಹಾಕಬೇಕು. ಕಪ್ಪು ಚಾಕೊಲೇಟನ್ನು 45 ಡಿಗ್ರಿಯ ಆಚೆ ಕರಗಿಸಿ, 27-28ಕ್ಕೆ ತಣಿಸಿ, ಮತ್ತೆ 31-32ಕ್ಕೆ ಏರಿಸಬೇಕು. ಹಾಗೆ ಮಾಡಿದರೆ ಮಾತ್ರ ಹೊಳಪು ಬರುತ್ತದೆ, ಮುರಿದರೆ ಟಕ್ ಅನ್ನುತ್ತದೆ. ಕೋಣೆಯೇ 38 ಡಿಗ್ರಿ ಇರುವಾಗ ಎಸಿ ಇಲ್ಲದ ಬೇಕರಿಯಲ್ಲಿ ಇದನ್ನು ಮಾಡಿ ಅಂದರೆ ಅವರು ನಗುತ್ತಾರೆ. ಕಾಂಪೌಂಡಿಗೆ ಈ ಹದದ ಗೋಜಿಲ್ಲ. ಕರಗಿಸು, ಸುರಿ, ಆಯಿತು. ಸ್ವಲ್ಪ ಬಿಸಿಗೂ ಜಗ್ಗುವುದಿಲ್ಲ.

ಗೊತ್ತಾಗುವುದು ಹೇಗೆ? ಒಂದು ತುಂಡು ಅಗಿಯದೆ ನಾಲಿಗೆ ಮೇಲೆ ಇಡಿ. ಅಸಲಿ ಬೇಗ, ಪೂರ್ತಿ ಕರಗುತ್ತದೆ. ಕಾಂಪೌಂಡ್ ಮೇಣದ ಹಾಗೆ ಸ್ವಲ್ಪ ಹೊತ್ತು ಉಳಿಯುತ್ತದೆ. ಕಪ್‌ಕೇಕಿನ ಮೇಲೆ ತೆಳ್ಳಗೆ ಸುರಿದದ್ದಾದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಟ್ರಫಲ್ ಅಂತ ದುಬಾರಿ ಬೆಲೆ ಹೇಳಿದರೆ ಮಾತ್ರ ಕೇಳುತ್ತೇನೆ.

ಕೋಕೋ ಎಲ್ಲೋ ಆಫ್ರಿಕಾದ ಬೆಳೆ ಅಂತ ಅಷ್ಟೇ ಅಂದುಕೊಳ್ಳಬೇಡಿ. ನಮ್ಮ ರಾಜ್ಯದ ಕರಾವಳಿಯಲ್ಲಿ ಅಡಿಕೆ ತೋಟದ ನಡುವೆ ಬೆಳೆಯುತ್ತಾರೆ. ಬೆಳೆಗಾರರದೇ ಸಹಕಾರ ಸಂಸ್ಥೆ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಶುರು ಮಾಡಿತು. ನಮ್ಮ ಕಿರಾಣಿ ಅಂಗಡಿಯಲ್ಲೂ ಅದರ ಚಾಕೊಲೇಟ್ ಸಿಕ್ಕಿದೆ.

ಚಾಕೊಲೇಟ್ ಮೇಲೆ ಬಿಳಿ ಬಂದಿದೆ. ಬೂಸ್ಟು ಹಿಡಿದಿದೆಯಾ?

ಸಾಮಾನ್ಯವಾಗಿ ಬೂಸ್ಟು ಅಲ್ಲ. ಒಮ್ಮೆ ಕರಗಿ ಮತ್ತೆ ಗಟ್ಟಿಯಾದಾಗ ಕೊಬ್ಬು ಮೇಲೆ ಬಂದು ಬಿಳಿಯಾಗಿ ಕೂರುತ್ತದೆ. ಬೆರಳಿನಿಂದ ಉಜ್ಜಿದರೆ ಹೋಗುತ್ತದೆ. ಫ್ರಿಜ್‌ನಿಂದ ತೆಗೆದಾಗ ಬೆವರಿ, ಆ ನೀರಿಗೆ ಸಕ್ಕರೆ ಕರಗಿ ಒಣಗಿದರೂ ಬಿಳಿ ಬರುತ್ತದೆ. ಅದು ಮುಟ್ಟಿದರೆ ಒರಟು. ಎರಡನ್ನೂ ತಿನ್ನಬಹುದು, ರುಚಿ ಸ್ವಲ್ಪ ಸಪ್ಪೆ ಅಷ್ಟೆ. ನಾನು ಅಂಥದ್ದನ್ನು ಹಾಲಿಗೆ ಹಾಕಿ ಕುದಿಸಿಬಿಡುತ್ತೇನೆ. ಕೇಕಿನ ಮೇಲೆ ಹತ್ತಿಯ ಹಾಗೆ ಹಸಿರೋ ಬೂದೋ ಬಂದಿದ್ದರೆ ಮಾತ್ರ ಬಿಸಾಡಿ. ಮೇಲಿನದು ಕೆರೆದು ತಿನ್ನುವ ಉಳಿತಾಯ ಬೇಡ.

ಬೇಕರಿಗೆ ಯಾವ ಹೊತ್ತಿಗೆ ಹೋದರೆ ತಾಜಾ ಸಿಗುತ್ತದೆ?

ಒಂದೊಂದು ಬೇಕರಿಗೆ ಒಂದೊಂದು ಹೊತ್ತು. "ಒಲೆಯಿಂದ ಯಾವಾಗ ತೆಗೀತೀರಿ ಅಣ್ಣಾ?" ಅಂತ ಒಮ್ಮೆ ಕೇಳಿಟ್ಟುಕೊಳ್ಳಿ. ನಮ್ಮ ಓಣಿಯ ಬೇಕರಿಯಲ್ಲಿ ಸಂಜೆ ನಾಲ್ಕೂವರೆಗೆ ಸಾದಾ ಕಪ್‌ಕೇಕ್ ಬರುತ್ತದೆ, ಐದೂವರೆಗೆ ಖಾಲಿ. ಬಿಸಿ ಇರುವಾಗ ಕಾಗದ ಬಿಡಿಸಿದರೆ ಅರ್ಧ ಕೇಕು ಕಾಗದಕ್ಕೇ ಹೋಗುತ್ತದೆ. ಹತ್ತು ನಿಮಿಷ ತಡೆಯಿರಿ. ತಡೆಯಲು ಆಗುವುದಿಲ್ಲ ಅನ್ನುವುದು ನನಗೂ ಗೊತ್ತು.

ಜಾತ್ರೆ, ಉರುಸು, ಆಹಾರ ಮೇಳಗಳಲ್ಲಿ ಚಾಕೊಲೇಟ್ ತಿನಿಸು ಸಿಗುತ್ತಾ?

ಸಿಗುತ್ತದೆ. ಹೋಳಿ ಮುಗಿದ ಮೇಲೆ ಶರಣಬಸವೇಶ್ವರ ಜಾತ್ರೆ ಬರುತ್ತದಲ್ಲ, ಅಲ್ಲಿ ಬೆಂಡು ಬತ್ತಾಸು, ಮಿರ್ಚಿ ಭಜಿ, ಜಿಲೇಬಿಗಳ ನಡುವೆ ಈಗ ಡೋನಟ್ಟು, ಚಾಕೊಲೇಟ್ ದೋಸೆಯ ಗಾಡಿಗಳೂ ಕಾಣುತ್ತವೆ. ಜಾತ್ರೆಯಲ್ಲಿ ಕ್ರೀಮಿನ ಕಪ್‌ಕೇಕ್ ತಿನ್ನುವುದಕ್ಕಿಂತ ಜಿಲೇಬಿ ತಿನ್ನುವುದು ವಾಸಿ ಅನ್ನುವವನು ನಾನು. ಧೂಳು, ಬಿಸಿಲು, ಜನ. ಕಣ್ಣೆದುರೇ ಎಣ್ಣೆಯಿಂದ ತೆಗೆದ ಬಿಸಿ ಜಿಲೇಬಿಯನ್ನು ಕ್ರೀಮು ಅಲ್ಲಿ ಸೋಲಿಸಲಾರದು. ಚಾಕೊಲೇಟೇ ಬೇಕು ಅಂದರೆ ಹಂಚಿನ ಮೇಲೆ ಆಗಲೇ ಮಾಡಿಕೊಡುವುದನ್ನು ತಗೊಳ್ಳಿ.

ಖ್ವಾಜಾ ಬಂದೇ ನವಾಜ್ ದರ್ಗಾದ ಉರುಸು ಚಂದ್ರನ ಲೆಕ್ಕದ ತಿಂಗಳಿಗೆ ಬರುತ್ತದೆ. ಹಾಗಾಗಿ ವರ್ಷ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಈಚಿನ ವರ್ಷಗಳಲ್ಲಿ ಅದು ಬೇಸಿಗೆಗೇ ಬಿದ್ದಿದೆ. ರಾತ್ರಿ ಹೋಗಿ. ಅಲ್ಲಿ ಹಲ್ವಾ, ಪರಾಠಾ ಬಿಟ್ಟು ಚಾಕೊಲೇಟ್ ಹುಡುಕುವವರಿಗೆ ನಾನೇನು ಹೇಳಲಿ!

ಕಾಲೇಜುಗಳಲ್ಲಿ ಹುಡುಗ ಹುಡುಗಿಯರು ನಡೆಸುವ ಆಹಾರ ಮೇಳ ನನಗೆ ಬಹಳ ಇಷ್ಟ. ಹೆಚ್ಚಾಗಿ ಚಳಿಗಾಲದಲ್ಲಿ ಇಡುತ್ತಾರೆ. ಮನೆಯಲ್ಲಿ ಮಾಡಿ ತಂದ ಕಪ್‌ಕೇಕ್, ಒಂದು ಕಡೆ ವಾಲಿದ ಕ್ರೀಮು, ಕೈಯಲ್ಲಿ ಬರೆದ ಬೆಲೆಪಟ್ಟಿ. ಕೆಲವು ಕಲ್ಲಿನ ಹಾಗೆ ಇರುತ್ತವೆ. ಆದರೆ ಒಮ್ಮೆ ಅಲ್ಲೇ ಶೇಂಗಾ ಹೋಳಿಗೆಯ ಹೂರಣವನ್ನು ಚಾಕೊಲೇಟ್ ಕಪ್‌ಕೇಕಿನ ಹೊಟ್ಟೆಗೆ ತುಂಬಿದ್ದನ್ನು ತಿಂದೆ. ಅಂಥದ್ದನ್ನು ಯಾವ ಬೇಕರಿಯೂ ಇನ್ನೂ ನನಗೆ ಕೊಟ್ಟಿಲ್ಲ. ಬೆಲ್ಲ, ಶೇಂಗಾ, ಕೋಕೋ. ಈಗಲೂ ನೆನಪಾದರೆ ಬಾಯಲ್ಲಿ ನೀರು.

ಬೀದರ್, ಯಾದಗಿರಿಯಲ್ಲಿ ಹೇಗೆ?

ಬೀದರ್ ಎತ್ತರದ ಮೇಲಿದೆ. ನಮ್ಮಷ್ಟು ಬಿಸಿಲಿನ ಹೊಡೆತ ಇಲ್ಲ, ಚಳಿಗಾಲದಲ್ಲಂತೂ ಚಾಕೊಲೇಟಿಗೆ ಹೇಳಿ ಮಾಡಿಸಿದ ಊರು. ಅಲ್ಲಿ ಮೆಥೋಡಿಸ್ಟ್ ಕ್ರೈಸ್ತರು ಬಹಳ ಇದ್ದಾರೆ. ಹಾಗಾಗಿ ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಕೇಕಿನ ಸಂಭ್ರಮ ಕಲಬುರಗಿಗಿಂತ ಜೋರು. ಕೋಟೆಯಲ್ಲಿ ಬೀದರ್ ಉತ್ಸವ ನಡೆದರೆ ತಿನಿಸಿನ ಮಳಿಗೆಗಳನ್ನು ತಪ್ಪಿಸಿಕೊಳ್ಳಬೇಡಿ. ಹೈದರಾಬಾದಿನ ಗಾಳಿ ಅಲ್ಲಿನ ಬೇಕರಿಗಳಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಉಸ್ಮಾನಿಯಾ ಬಿಸ್ಕತ್ತು, ಕೊಬ್ಬರಿ ತುಂಬಿದ ದಿಲ್‌ಪಸಂದ್ ಎಲ್ಲ. ಉಸ್ಮಾನಿಯಾವನ್ನು ಕರಗಿದ ಚಾಕೊಲೇಟಿನಲ್ಲಿ ಅರ್ಧ ಅದ್ದಿ ಒಮ್ಮೆ ತಿನ್ನಿ. ಉಪ್ಪು ಸಿಹಿ ಎರಡೂ ಸೇರಿ ಬೇರೆಯದೇ ಆಗುತ್ತದೆ.

ಯಾದಗಿರಿ ಚಿಕ್ಕ ಊರು, ಬಿಸಿಲು ನಮ್ಮಷ್ಟೇ. ಕ್ರೀಮಿನ ಕಪ್‌ಕೇಕ್ ಬೇಕಾದರೆ ಹಿಂದಿನ ದಿನವೇ ಹೇಳಿಡುವುದು ಒಳ್ಳೆಯದು. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಹೋಗುವವರು ಚಾಕೊಲೇಟ್ ಕಟ್ಟಿಕೊಂಡು ಹೋದರೂ ಪರವಾಗಿಲ್ಲ. ಜನವರಿ ಅಲ್ವಾ.

ಮೇಳದ ಮಳಿಗೆ ಸ್ವಚ್ಛ ಇದೆಯಾ ಅಂತ ನೋಡುವುದು ಹೇಗೆ?

ದುಡ್ಡು ಮುಟ್ಟಿದ ಕೈಯೇ ಕೇಕೂ ಮುಟ್ಟುತ್ತಿದೆಯಾ ನೋಡಿ. ನನಗೆ ಅಷ್ಟು ಸಾಕು. ಚಾಕೊಲೇಟ್ ಕಾರಂಜಿ ಇರುವ ಕಡೆ ಒಬ್ಬರು ಕಚ್ಚಿದ ತುಂಡನ್ನೇ ಮತ್ತೆ ಅದ್ದುತ್ತಿದ್ದರೆ ದೂರ ಸರಿಯಿರಿ. ಖಾಯಂ ಬೇಕರಿಯಾದರೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರು ಗೋಡೆ ಮೇಲೆ ಇರಬೇಕು. ಮನೆಯಿಂದ ಕೇಕ್ ಮಾಡಿ ಮಾರುವ ಅಕ್ಕಂದಿರಿಗೂ ಈ ನೋಂದಣಿ ಬೇಕು. ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ.

ಚಾಕೊಲೇಟ್ ಕೇಕಿನ ಬೆಲೆ ಯಾಕೆ ಅಷ್ಟು ಏರಿತು?

ಜಗತ್ತಿನ ಕೋಕೋದಲ್ಲಿ ಅರ್ಧಕ್ಕಿಂತ ಜಾಸ್ತಿ ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್, ಘಾನಾ ಎರಡೇ ದೇಶಗಳಿಂದ ಬರುತ್ತದೆ. ಅಲ್ಲಿ ಹವಾಮಾನ ಕೈಕೊಟ್ಟು, ಗಿಡಗಳಿಗೆ ರೋಗ ಬಂದು ಬೆಳೆ ಕುಸಿಯಿತು. 2024ರಲ್ಲಿ ಕೋಕೋ ಟನ್ನಿಗೆ 10,000 ಡಾಲರ್ ದಾಟಿತು. ಅದರ ಬಿಸಿ ನಮ್ಮ ಓಣಿಯ ಬೇಕರಿಗೂ ತಟ್ಟಿತು. ಆಮೇಲೆ 2025ರ ಸೆಪ್ಟೆಂಬರ್ 22ರಿಂದ ಚಾಕೊಲೇಟ್, ಕೇಕುಗಳ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ಏರಿದ ಬೆಲೆ ಬೋರ್ಡಿನಲ್ಲಿ ಕೂಡಲೇ ಕಾಣುತ್ತದೆ. ಇಳಿದದ್ದು ಮಾತ್ರ ನಾವು ಕೇಳಿದರೇ ಕಾಣುವುದು.

ಸಕ್ಕರೆ ಕಾಯಿಲೆ ಇರುವವರು ತಿನ್ನಬಹುದಾ?

ನಿಮ್ಮ ಡಾಕ್ಟರನ್ನು ಕೇಳಿ. ಡಾರ್ಕ್ ಚಾಕೊಲೇಟ್ ಅಂತ ಹೆಸರಿದ್ದ ಮಾತ್ರಕ್ಕೆ ಸಕ್ಕರೆ ಇಲ್ಲ ಅಂತ ಅಲ್ಲ. ಶುಗರ್‌ಫ್ರೀ ಕಪ್‌ಕೇಕಿನಲ್ಲೂ ಸಾಮಾನ್ಯವಾಗಿ ಮೈದಾ ಇರುತ್ತದೆ, ಅದೂ ರಕ್ತದ ಸಕ್ಕರೆ ಏರಿಸುತ್ತದೆ.

ಮನೆಯಲ್ಲಿ ಮಾಡುವುದಾದರೆ? ಓವನ್ ಇಲ್ಲ, ತತ್ತಿ ಇಲ್ಲ.

ಜೋಳದ ಹಿಟ್ಟು ಇದೆಯಲ್ಲ, ಸಾಕು. ನಮ್ಮ ಕಡೆಯ ಯಾವ ಮನೆಯಲ್ಲಿ ಅದು ಇರುವುದಿಲ್ಲ! ಆದರೆ ಬರೀ ಜೋಳದಲ್ಲಿ ಮಾಡಿದರೆ ಪುಡಿ ಪುಡಿ ಉದುರುತ್ತದೆ. ಜೋಳಕ್ಕೆ ಗೋಧಿಯಂಥ ಅಂಟಿಲ್ಲ. ರೊಟ್ಟಿ ಬಡಿದವರಿಗೆ ಇದನ್ನು ಹೇಳಬೇಕಾಗಿಲ್ಲ.

ಅರ್ಧ ಕಪ್ ಜೋಳದ ಹಿಟ್ಟನ್ನು ಒಂದು ಕಪ್ ಬಿಸಿ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಪೂರ್ತಿ ಆರಲು ಬಿಡಿ. ಈ ಒಂದು ಕೆಲಸ ತಪ್ಪಿಸಬೇಡಿ. ಇಲ್ಲದಿದ್ದರೆ ತಿನ್ನುವಾಗ ಹಲ್ಲಿಗೆ ಮರಳು ಸಿಕ್ಕ ಹಾಗಾಗುತ್ತದೆ. ಬೇರೆ ಪಾತ್ರೆಯಲ್ಲಿ ಒಂದು ಕಪ್ ಮೈದಾ, ಒಂದು ಕಪ್ ಸಕ್ಕರೆ ಪುಡಿ, ನಾಲ್ಕು ದೊಡ್ಡ ಚಮಚ ಕೋಕೋ, ಒಂದು ಸಣ್ಣ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು ಸೇರಿಸಿ ಜರಡಿ ಹಿಡಿಯಿರಿ. ಜೋಳದ ಗಂಜಿಗೆ ಮೂರನೇ ಒಂದು ಕಪ್ ಎಣ್ಣೆ, ಸ್ವಲ್ಪ ವೆನಿಲಾ ಹಾಕಿ ಕಲಸಿ, ಒಣ ಹಿಟ್ಟು ಸೇರಿಸಿ. ತೀರಾ ಗಟ್ಟಿ ಅನ್ನಿಸಿದರೆ ಎರಡು ಮೂರು ಚಮಚ ಹಾಲು. ಎಲ್ಲ ತಯಾರಾದ ಮೇಲೆ, ಕಡೆಗೆ, ಒಂದು ದೊಡ್ಡ ಚಮಚ ನಿಂಬೆರಸ ಅಥವಾ ವಿನೆಗರ್ ಹಾಕಿ ನಾಲ್ಕು ಸುತ್ತು ತಿರುಗಿಸಿ. ಗುಳ್ಳೆ ಏಳುತ್ತವೆ. ಆಮೇಲೆ ಫೋನು ಬಂದರೂ ತೆಗೆಯಬೇಡಿ. ಗುಳ್ಳೆ ಒಡೆದುಹೋದರೆ ಕೇಕ್ ಉಬ್ಬುವುದಿಲ್ಲ.

ಸ್ಟೀಲ್ ವಾಟಗಗಳಿಗೆ ಎಣ್ಣೆ ಸವರಿ, ಮುಕ್ಕಾಲಿಗಿಂತ ಕಮ್ಮಿ ತುಂಬಿ. ದಪ್ಪ ತಳದ ಪಾತ್ರೆಯಲ್ಲಿ ಉಪ್ಪು ಹರಡಿ, ಮೇಲೊಂದು ಸ್ಟೀಲಿನ ಸಿಂಬೆ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ವಾಟಗಗಳನ್ನು ಸಿಂಬೆಯ ಮೇಲಿಟ್ಟು ಮತ್ತೆ ಮುಚ್ಚಿ. ಸಣ್ಣ ಉರಿಯಲ್ಲಿ ಇಪ್ಪತ್ತೈದು ನಿಮಿಷದ ಹೊತ್ತಿಗೆ ಕಡ್ಡಿ ಚುಚ್ಚಿ ನೋಡಿ. ಓವನ್ ಇದ್ದವರಿಗೆ 180 ಡಿಗ್ರಿಯಲ್ಲಿ 18-20 ನಿಮಿಷ ಸಾಕು. ಮೊದಲ ಸಲ ನಡುವೆ ತಗ್ಗು ಬಿದ್ದರೆ ಆ ತಗ್ಗಿಗೆ ತುಪ್ಪ, ಬೆಲ್ಲದ ಪುಡಿ ಹಾಕಿ ಕೊಡಿ. ಬೇಕಂತಲೇ ಹಾಗೆ ಮಾಡಿದ್ದು ಅಂದುಕೊಳ್ಳುತ್ತಾರೆ.

ಉಳಿದದ್ದು ಎಷ್ಟು ದಿನ ಇಡಬಹುದು?

ಕ್ರೀಮ್ ಇಲ್ಲದ್ದು ಚಳಿಗಾಲದಲ್ಲಿ ಡಬ್ಬಿಯಲ್ಲಿ ಎರಡು ಮೂರು ದಿನ. ಬೇಸಿಗೆಯಲ್ಲಿ ಮರುದಿನ ಮುಗಿಸಿ. ಕ್ರೀಮ್ ಇರುವುದು ಫ್ರಿಜ್‌ನಲ್ಲೇ ಇರಲಿ, ಅದೂ ಎರಡು ದಿನ. ಮಧ್ಯಾಹ್ನವೆಲ್ಲ ಕರೆಂಟು ಹೋಗಿತ್ತು ಅಂದರೆ ಆ ಲೆಕ್ಕ ಬಿಡಿ. ಮೂಸಿಯೂ ನೋಡಬೇಡಿ, ಎಸೆಯಿರಿ.

ಉಳಿದ ಚಾಕೊಲೇಟ್ ಕೇಕ್ ನಾಯಿಗೆ ಹಾಕಬಹುದಾ?

ಬೇಡ. ಚಾಕೊಲೇಟಿನಲ್ಲಿರುವ ಥಿಯೋಬ್ರೊಮಿನ್ ನಾಯಿಗೆ ವಿಷ. ಓಣಿಯ ನಾಯಿಗೆ ಒಂದು ತುಂಡು ರೊಟ್ಟಿ ಹಾಕಿ.

ಡಿಸೆಂಬರ್ 31ಕ್ಕೆ ಬೇಕರಿ ಮುಂದೆ ಶಾಮಿಯಾನ ಹಾಕಿ ಮಾರುವ ಕೇಕ್ ಚೆನ್ನಾಗಿರುತ್ತಾ?

ನೋಡಲು ಚೆಂದ. ಸಾಲು ಸಾಲು ಕೇಕ್, ಸೀರಿಯಲ್ ಲೈಟು, ಹಾಡು, ಜನ. ಆದರೆ ಒಂದೇ ರಾತ್ರಿಗೆ ಅಷ್ಟು ಕೇಕ್ ಬೇಕು ಅಂದರೆ ಒಂದಿಷ್ಟನ್ನು ಎರಡು ಮೂರು ದಿನ ಮೊದಲೇ ಮಾಡಿಟ್ಟಿರುತ್ತಾರೆ. ನಾನು ಆ ದಿನ ಒಂದು ಕಿಲೋ ಕೇಕಿನ ಗುಂಪಿಗೆ ಸೇರುವುದಿಲ್ಲ. ಮನೆಯಲ್ಲಿ ಎಷ್ಟು ಜನರೋ ಅಷ್ಟು ಕಪ್‌ಕೇಕ್ ಎರಡು ದಿನ ಮೊದಲೇ ಹೇಳಿಟ್ಟು, 31ರ ಸಂಜೆ ಆರಕ್ಕೆ ತರುತ್ತೇನೆ. ಹನ್ನೆರಡು ಗಂಟೆಯ ತನಕ ಅವು ಉಳಿದದ್ದು ನನಗೆ ನೆನಪಿಲ್ಲ.